ಜರ್ಮನಿಯಲ್ಲಿ ಓದುತ್ತಾ ಅಲ್ಲಿನ ಹಬ್ಬ, ಆಟ, ಮನರಂಜನೆಯಲ್ಲಿ ಸೇರಿಕೊಳ್ಳುವುದು ಹೇಗೆ? ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಜರ್ಮನಿಗೆ ಓದಲು ಹೋದವರ ಮೊದಲ ಆರು ತಿಂಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಮೆನ್ಸಾದಲ್ಲಿ, ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಊಟ, ಸಂಜೆ ಲೈಬ್ರರಿ ಇಲ್ಲವೇ ಪಾರ್ಟ್‌ಟೈಮ್ ಕೆಲಸ, ರಾತ್ರಿ ನಮ್ಮವರದೇ ವಾಟ್ಸ್ಯಾಪ್ ಗುಂಪು. ರಜೆ ಸಿಕ್ಕರೆ ನಾಲ್ಕು ಜನ ಸೇರಿ ಒಂದು ಕೋಟೆ ನೋಡಿ ಫೋಟೊ ತೆಗೆದು ಬರುವುದು. ಎರಡು ವರ್ಷದ ಮಾಸ್ಟರ್ಸ್ ಹೀಗೇ ಮುಗಿದು, ಕೊನೆಗೆ ‘ಜರ್ಮನ್ನರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳೋದಿಲ್ಲ ಮಾರಾಯ್ರೆ’ ಎಂಬ ದೂರು ಉಳಿಯುತ್ತದೆ.

ದೂರಿನಲ್ಲಿ ಸ್ವಲ್ಪ ನಿಜ ಇದೆ. ‘ಬಾ, ಸಂಜೆ ಆಟಕ್ಕೆ ಹೋಗೋಣ’ ಎಂದು ಅಲ್ಲಿ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಆಟಕ್ಕೆ ಒಂದು ಸಂಘ, ಹಾಡಿಗೆ ಒಂದು ಸಂಘ, ಹಬ್ಬಕ್ಕೆ ಒಂದು ಸಮಿತಿ ಇರುತ್ತದೆ. ಎಲ್ಲಕ್ಕೂ ಮೊದಲೇ ಗೊತ್ತುಮಾಡಿದ ದಿನ, ಹೊತ್ತು, ಅರ್ಜಿ. ಈ ವ್ಯವಸ್ಥೆ ಹೊರಗಿನಿಂದ ಬಿಗಿಯಾಗಿ ಕಂಡರೂ ಹೊಸಬರಿಗೆ ಅನುಕೂಲವೇ, ಏಕೆಂದರೆ ಯಾರ ಪರಿಚಯವೂ ಇಲ್ಲದೆ ಒಳಗೆ ಹೋಗಬಹುದು. ಪ್ರತಿ ವಾರ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗುತ್ತಿದ್ದರೆ ಸ್ನೇಹ ತಾನಾಗಿ ಬೆಳೆಯುತ್ತದೆ. ಅದಕ್ಕಿಂತ ಬೇಗ ಬೇಕೆಂದರೆ ಅವರ ಕಾರ್ಯಕ್ರಮದಲ್ಲಿ ಒಂದು ಪಾಳಿ ಕೆಲಸ ಹೊತ್ತುಕೊಳ್ಳಬೇಕು. ಈ ಬರಹದ ಉದ್ದಕ್ಕೂ ನಾನು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ.

ಹಂತ 1: ಮೊದಲ ಎರಡು ವಾರದಲ್ಲಿ ಮುಗಿಸಿಕೊಳ್ಳಬೇಕಾದ ಕೆಲಸಗಳು

ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್‌ನ ಪಾಠ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಲ್ಲಿ, ಬೇಸಿಗೆಯದು ಏಪ್ರಿಲ್ ಮಧ್ಯದಲ್ಲಿ ಶುರುವಾಗುತ್ತದೆ. ಅದಕ್ಕೆ ಮುಂಚಿನ ವಾರ ಹೊಸಬರ ಸ್ವಾಗತ ವಾರ, ಅವರ ಬಾಯಲ್ಲಿ ‘ಎರ್ಸ್ಟಿ ವಾರ’. ಊರು ಸುತ್ತುವ ಆಟ, ಪಬ್ ಸುತ್ತಾಟ, ಪಾರ್ಕಿನಲ್ಲಿ ತಿಂಡಿ, ಬೋರ್ಡ್ ಗೇಮ್ ಸಂಜೆ ಎಲ್ಲ ಇರುತ್ತದೆ. ಮಾಸ್ಟರ್ಸ್‌ಗೆ ಬಂದ ನಮ್ಮವರು ಇದು ಚಿಕ್ಕ ಹುಡುಗರಿಗೆ ಎಂದು ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳಬೇಡಿ. ಎಲ್ಲರೂ ಒಬ್ಬರಿಗೊಬ್ಬರು ಹೊಸಬರಾಗಿರುವ ವಾರ ಇದೊಂದೇ. ಮುಂದಿನ ತಿಂಗಳ ಹೊತ್ತಿಗೆ ಗುಂಪುಗಳು ಕಟ್ಟಿಕೊಂಡಾಗಿರುತ್ತವೆ.

ವಿದ್ಯಾರ್ಥಿ ಕಾರ್ಡ್ ಕೈಗೆ ಬಂದ ಮೇಲೆ ನಿಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ, ಅಂದರೆ ಆಸ್ಟಾದ ವೆಬ್‌ಸೈಟ್ ತೆರೆದು ಸೆಮಿಸ್ಟರ್ ಶುಲ್ಕದಲ್ಲಿ ಏನೇನು ಸೇರಿದೆ ಎಂದು ನೋಡಿ. ಎಷ್ಟೋ ಕಡೆ ಊರಿನ ರಂಗಮಂದಿರ, ಮ್ಯೂಸಿಯಂಗಳ ಜತೆ ಒಪ್ಪಂದ ಇರುತ್ತದೆ. ಗೋಟಿಂಗೆನ್‌ನ ವಿದ್ಯಾರ್ಥಿಗಳ ‘ಕುಲ್ಟೂರ್ ಟಿಕೆಟ್’ ಇಂಥದ್ದೇ ಏರ್ಪಾಟು. ದುಡ್ಡು ಕೊಟ್ಟಾಗಿದೆ, ಹೋಗದಿದ್ದರೆ ನಷ್ಟ ನಿಮ್ಮದೇ.

ಪ್ರಯಾಣದ ಪಾಸೂ ಇದೇ ಶುಲ್ಕದಲ್ಲಿ ಬರಬಹುದು. 2024ರ ಬೇಸಿಗೆ ಸೆಮಿಸ್ಟರ್‌ನಿಂದ ಹಲವು ವಿಶ್ವವಿದ್ಯಾಲಯಗಳು ಇಡೀ ದೇಶದಲ್ಲಿ ನಡೆಯುವ ಡಾಯ್ಚ್‌ಲಾಂಡ್ ಸೆಮಿಸ್ಟರ್ ಟಿಕೆಟ್ ಕೊಡುತ್ತಿವೆ. ಸಾಮಾನ್ಯ ಡಾಯ್ಚ್‌ಲಾಂಡ್ ಟಿಕೆಟ್ಟಿನ ದರದ ಶೇ 60ರಷ್ಟು ಕೊಟ್ಟರೆ ಸಾಕು. ಸಿಟಿ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತದೆ. ಐಸಿಇ, ಐಸಿ ಥರದ ದೂರದ ವೇಗದ ರೈಲಿಗೆ ನಡೆಯುವುದಿಲ್ಲ. ಈ ಪಾಸು ಜೇಬಿನಲ್ಲಿದ್ದರೆ ಮುಂದೆ ಹೇಳುವ ಹಬ್ಬಗಳಲ್ಲಿ ಅರ್ಧದಷ್ಟನ್ನು ರೈಲಿನ ಖರ್ಚಿಲ್ಲದೆ ನೋಡಬಹುದು.

ಇನ್ನೊಂದು ಪುಟ್ಟ ಕೆಲಸವಿದೆ. ಹಾಫ್ಟ್‌ಫ್ಲಿಖ್ಟ್ ಎಂಬ ಹೊಣೆಗಾರಿಕೆ ವಿಮೆ ಮಾಡಿಸಿ. ಆಟದ ಭರದಲ್ಲಿ ಯಾರದೋ ಕನ್ನಡಕ ಒಡೆದರೆ ‘ವಿಮೆ ಇದೆಯಾ?’ ಎಂಬ ಪ್ರಶ್ನೆ ಅಲ್ಲಿ ಸಹಜವಾಗಿ ಬರುತ್ತದೆ. ಅದರಲ್ಲಿ ಸಿಟ್ಟು ಹುಡುಕಬೇಡಿ.

ಹಂತ 2: ವಿಶ್ವವಿದ್ಯಾಲಯದ ಕ್ರೀಡಾ ಕೋರ್ಸಿಗೆ ಸೇರಿ

ಹೋಖ್‌ಶೂಲ್‌ಸ್ಪೋರ್ಟ್ ಎಂಬ ವಿಭಾಗ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿದೆ. ಬ್ಯಾಡ್ಮಿಂಟನ್, ಗೋಡೆ ಹತ್ತುವ ಬೋಲ್ಡರಿಂಗ್, ದೋಣಿ ಹುಟ್ಟುಹಾಕುವುದು, ಸಾಲ್ಸಾ, ಕುದುರೆ ಸವಾರಿ ಹೀಗೆ ಪಟ್ಟಿ ಉದ್ದ ಇರುತ್ತದೆ. ಹೊರಗಿನ ಜಿಮ್ಮಿಗೆ ಹೋಲಿಸಿದರೆ ಶುಲ್ಕ ತೀರಾ ಕಡಿಮೆ.

ತೊಡಕು ನೋಂದಣಿಯದು. ಸೆಮಿಸ್ಟರ್ ಶುರುವಿನ ಆಸುಪಾಸು, ಹೇಳಿದ ದಿನ ಹೇಳಿದ ನಿಮಿಷಕ್ಕೆ ಆನ್‌ಲೈನ್ ಬಾಗಿಲು ತೆರೆಯುತ್ತದೆ. ಬೋಲ್ಡರಿಂಗ್, ಟೆನಿಸ್, ನೃತ್ಯದ ಕೋರ್ಸುಗಳು ನೋಡುನೋಡುತ್ತಿದ್ದಂತೆ ತುಂಬಿಹೋಗುತ್ತವೆ. ತತ್ಕಾಲ್ ಟಿಕೆಟ್ ತೆಗೆದು ಪಳಗಿದವರಿಗೆ ಇದು ಕಷ್ಟವಾಗಬಾರದು. ಕೋರ್ಸಿನ ನಂಬರು ಮೊದಲೇ ಬರೆದಿಟ್ಟುಕೊಳ್ಳಿ, ಬ್ಯಾಂಕಿನ ಐಬ್ಯಾನ್ ಸಂಖ್ಯೆ ಪಕ್ಕದಲ್ಲಿರಲಿ, ಎರಡನೇ ಆಯ್ಕೆಯೂ ಸಿದ್ಧವಾಗಿರಲಿ.

ಯಾವುದನ್ನು ಆರಿಸಿಕೊಳ್ಳಬೇಕು? ಜೋಡಿ ಅಥವಾ ತಂಡ ಬೇಕಾಗುವಂಥದ್ದನ್ನು. ಟ್ರೆಡ್‌ಮಿಲ್ ಮೇಲೆ ಒಬ್ಬರೇ ಓಡಿದರೆ ಯಾರೂ ಮಾತಾಡಿಸುವುದಿಲ್ಲ. ಬೋಲ್ಡರಿಂಗ್‌ನಲ್ಲಿ ಪ್ರತಿಯೊಬ್ಬರೂ ಒಂದೊಂದು ಸಲ ಹತ್ತಿ ಬಿದ್ದು, ಮತ್ತೆ ಚಾಪೆ ಮೇಲೆ ಕೂತು ಮುಂದಿನವರನ್ನು ನೋಡುತ್ತಾರೆ. ‘ಬಲಗಾಲು ಇನ್ನೂ ಸ್ವಲ್ಪ ಮೇಲಿಡು’ ಎಂಬಷ್ಟು ಜರ್ಮನ್ ಮೊದಲ ದಿನವೇ ಕಿವಿಗೆ ಬೀಳುತ್ತದೆ. ಭಾಷೆ ಕಲಿಯಲು ಇದಕ್ಕಿಂತ ಸಲೀಸಾದ ಜಾಗ ನಾನು ಕಂಡಿಲ್ಲ.

ಈಜು ಬಾರದವರು ಮುಜುಗರ ಬಿಟ್ಟು ವಯಸ್ಕರ ಕಲಿಕಾ ಕೋರ್ಸಿಗೆ ಸೇರಿ. ಬೇಸಿಗೆಯಲ್ಲಿ ಜರ್ಮನ್ ಬದುಕಿನ ಅರ್ಧಪಾಲು ಫ್ರೈಬಾಡ್ ಎಂಬ ತೆರೆದ ಈಜುಕೊಳದಲ್ಲೂ ಕೆರೆ ದಂಡೆಯಲ್ಲೂ ನಡೆಯುತ್ತದೆ. ನೀರಿಗಿಳಿಯುವ ಮೊದಲು ಶವರ್ ಕಡ್ಡಾಯ. ಹತ್ತಿಯ ಬರ್ಮುಡಾ ಹಾಕಿಕೊಂಡು ಇಳಿದರೆ ಶಿಳ್ಳೆ ಊದುತ್ತಾರೆ. ಸೌನಾದ, ಅಂದರೆ ಬೆವರಿಳಿಸುವ ಬಿಸಿ ಕೋಣೆಯ ಸಂಗತಿ ಮೊದಲೇ ಗೊತ್ತಿದ್ದರೆ ಒಳ್ಳೆಯದು: ಬಹುತೇಕ ಕಡೆ ಗಂಡು ಹೆಣ್ಣು ಒಟ್ಟಿಗೇ, ಬಟ್ಟೆಯಿಲ್ಲದೆ, ಕೂರುವ ಜಾಗಕ್ಕೆ ಟವೆಲ್ ಹಾಸಿಕೊಂಡು ಕೂರುತ್ತಾರೆ. ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಒಗ್ಗದಿದ್ದರೆ ಹೋಗಬೇಕೆಂದೇನೂ ಇಲ್ಲ.

ಹಂತ 3: ಊರಿನ ಸಂಘಕ್ಕೆ ಸದಸ್ಯರಾಗಿ

ಜರ್ಮನಿಯ ಸಾಮಾಜಿಕ ಬದುಕು ನಿಂತಿರುವುದು ಫೆರೈನ್ ಎಂಬ ನೋಂದಾಯಿತ ಸಂಘಗಳ ಮೇಲೆ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು ಎಂಬುದು ಅಲ್ಲಿನ ನಾಗರಿಕ ಸಂಹಿತೆಯಲ್ಲೇ ಇದೆ. ಕ್ರೀಡಾ ಸಂಘಗಳೇ ಸುಮಾರು 86 ಸಾವಿರ. ಹಾಡಿಗೆ, ತೋಟಕ್ಕೆ, ಚದುರಂಗಕ್ಕೆ, ಬೆಟ್ಟ ಹತ್ತುವುದಕ್ಕೆ ಬೇರೆ ಬೇರೆ. ಸಂಘಗಳ ಹೆಸರಿನ ಜತೆ 1860, 1899 ಎಂಬಂಥ ಇಸವಿ ನೋಡುತ್ತೀರಿ, ಅದು ಸ್ಥಾಪನೆಯಾದ ವರ್ಷ. ‘ಟಿಎಸ್‌ವಿ’, ‘ಟಿವಿ’ ಎಂದಿದ್ದರೆ ಅದರ ಬೇರು ಅಂಗಸಾಧನೆಯ ಚಳವಳಿಯಲ್ಲಿದೆ. 1811ರಲ್ಲಿ ಬರ್ಲಿನ್ನಿನ ಹಾಸೆನ್‌ಹೈಡೆಯಲ್ಲಿ ಫ್ರೀಡ್ರಿಷ್ ಲುಡ್‌ವಿಗ್ ಯಾನ್ ತೆರೆದ ಬಯಲು ಗರಡಿಯಿಂದ ಹಬ್ಬಿದ್ದು ಅದು.

ಸೇರುವ ಬಗೆ ಸರಳ. ಸಂಘದ ವಿಳಾಸಕ್ಕೆ ಎರಡು ಸಾಲಿನ ಇಮೇಲ್ ಬರೆಯಿರಿ: ನಾನು ಇಂಥ ವಿದ್ಯಾರ್ಥಿ, ವಾಲಿಬಾಲ್ ಇಷ್ಟು ಮಟ್ಟಿಗೆ ಆಡುತ್ತೇನೆ, ಪ್ರೋಬೆಟ್ರೈನಿಂಗ್‌ಗೆ, ಅಂದರೆ ಪರೀಕ್ಷಾರ್ಥ ಅಭ್ಯಾಸಕ್ಕೆ ಬರಬಹುದೇ ಎಂದು. ಒಂದೆರಡು ಸಲ ಉಚಿತವಾಗಿ ಆಡಲು ಬಿಡುತ್ತಾರೆ. ನಿಮ್ಮ ಮಟ್ಟವನ್ನು ಹೆಚ್ಚಿಸಿ ಬರೆಯಬೇಡಿ. ಜರ್ಮನ್ನರು ಬರೆದದ್ದನ್ನು ಇದ್ದಂತೆ ನಂಬಿ ನೇರ ಮೊದಲ ತಂಡದ ಅಭ್ಯಾಸಕ್ಕೆ ಕರೆದುಬಿಡುತ್ತಾರೆ. ಹವ್ಯಾಸಿಗಳ ತಂಡಕ್ಕೆ ‘ಹಾಬಿ’ ಅಥವಾ ‘ಫ್ರೈಟ್ಸೈಟ್’ ಎಂಬ ಹೆಸರಿರುತ್ತದೆ, ಅದನ್ನು ಕೇಳಿ. ಅಭ್ಯಾಸ ಏಳಕ್ಕೆಂದರೆ ಏಳಕ್ಕೆ ಶೂ ಕಟ್ಟಿ ನಿಂತಿರಬೇಕು, ಏಳಕ್ಕೆ ಗೇಟಿನ ಹತ್ತಿರ ಬಂದರೆ ಅದು ತಡವೇ. ಬಂದವರಿಗೂ ಹೋಗುವವರಿಗೂ ಒಬ್ಬೊಬ್ಬರಾಗಿ ಕೈಕುಲುಕುವುದೋ ಮುಷ್ಟಿ ತಾಗಿಸುವುದೋ ರೂಢಿ. ಗುಂಪಿಗೆ ದೂರದಿಂದ ಒಂದು ಕೈ ಬೀಸಿ ಹೋದರೆ ಮುನಿಸಿಕೊಂಡ ಹಾಗೆ ಕಾಣುತ್ತದೆ.

ಅರ್ಜಿಗೆ ಸಹಿ ಹಾಕುವ ಮುಂಚೆ ನೋಡಬೇಕಾದ್ದು ಒಂದೇ ಕಲಮು: ಬಿಡುವ ನಿಯಮ. ಸಾಮಾನ್ಯವಾಗಿ ಅರ್ಧ ವರ್ಷ ಅಥವಾ ವರ್ಷದ ಕೊನೆಗೆ ಮಾತ್ರ ಬಿಡಬಹುದು, ಅದೂ ವಾರಗಟ್ಟಲೆ ಮುಂಚೆ ಲಿಖಿತವಾಗಿ ತಿಳಿಸಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುತ್ತದೆ. ‘ಎರ್ಮೆಸಿಗ್ಟ್’ ಎಂಬ ಪದ ಎಲ್ಲಿ ಕಂಡರೂ ವಿದ್ಯಾರ್ಥಿ ಕಾರ್ಡ್ ತೋರಿಸಿ.

ಈಗ ಪಾಳಿಯ ಮಾತು. ವರ್ಷಕ್ಕೊಮ್ಮೆಯಾದರೂ ಸಂಘದ ಬೇಸಿಗೆ ಹಬ್ಬವೋ ಟೂರ್ನಮೆಂಟೋ ಇರುತ್ತದೆ. ಅದಕ್ಕೆ ಮುಂಚೆ ಒಂದು ಪಟ್ಟಿ ಓಡಾಡುತ್ತದೆ: ದೋಸೆಹಿಟ್ಟಿನಂಥ ಹಿಟ್ಟು ಹುಯ್ದು ವಾಫಲ್ ಬೇಯಿಸಲು ಇಬ್ಬರು, ಪಾನೀಯಕ್ಕೆ ಮೂವರು, ಟೆಂಟು ಬಿಚ್ಚಲು ಆರು ಜನ. ಸುಮ್ಮನೆ ಹೆಸರು ಬರೆಯಿರಿ. ಹೊಸಬರಿಗೆ ಹೇಳಿ ಮಾಡಿಸಿದ ಕೆಲಸ ಫಾಂಡ್ ಮೇಜು. ಜನ ಗ್ಲಾಸು ತಗೊಳ್ಳುವಾಗ ಒಂದೆರಡು ಯೂರೊ ಠೇವಣಿ ಕೊಟ್ಟು ಒಂದು ಪ್ಲಾಸ್ಟಿಕ್ ಬಿಲ್ಲೆ ಪಡೆದಿರುತ್ತಾರೆ. ಗ್ಲಾಸೂ ಬಿಲ್ಲೆಯೂ ಹಿಂದೆ ಬಂದರೆ ದುಡ್ಡು ವಾಪಸ್. ನೀವು ಬಿಲ್ಲೆ ಎಣಿಸಿ, ಗ್ಲಾಸು ಜೋಡಿಸಿ, ಚಿಲ್ಲರೆ ಕೊಡಬೇಕು. ಬಿಲ್ಲೆ ಕಳೆದುಕೊಂಡ ಅಜ್ಜನೊಬ್ಬ ವಾದಕ್ಕೆ ನಿಲ್ಲುತ್ತಾನೆ, ಪಕ್ಕದಲ್ಲಿರುವ ಖಜಾಂಚಿ ಬಂದು ನಗುತ್ತಾ ಬಗೆಹರಿಸುತ್ತಾಳೆ, ನಿಮ್ಮ ಹೆಸರು ಹೇಗೆ ಉಚ್ಚರಿಸಬೇಕೆಂದು ಸಂಜೆಯೊಳಗೆ ನಲವತ್ತು ಜನ ಕೇಳಿರುತ್ತಾರೆ. ಮುಂದಿನ ವಾರ ಅಭ್ಯಾಸಕ್ಕೆ ಹೋದಾಗ ಅವರೆಲ್ಲ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ. ವರ್ಷವಿಡೀ ಶುಲ್ಕ ಕಟ್ಟಿ ಆಡಿ ಮನೆಗೆ ಹೋಗುವವರಿಗೆ ಇದು ಸಿಗುವುದಿಲ್ಲ.

ಕ್ರಿಕೆಟ್ ಬಿಟ್ಟಿರಲಾರೆ ಎನ್ನುವವರಿಗೆ ಅದೂ ಇದೆ. ಆಫ್ಘಾನಿಸ್ತಾನದಿಂದ ಬಂದ ಯುವಕರು, ನಮ್ಮ ಉಪಖಂಡದ ವಿದ್ಯಾರ್ಥಿಗಳಿಂದಾಗಿ ಕಳೆದ ಹತ್ತು ವರ್ಷಗಳಲ್ಲಿ ಕ್ರಿಕೆಟ್ ಸಂಘಗಳು ಬೆಳೆದಿವೆ. ಚಾಪೆ ಹಾಸಿದ ಪಿಚ್ಚು, ಪಕ್ಕದಲ್ಲಿ ಫುಟ್‌ಬಾಲ್ ಗೋಲು. ಆಡಿ, ಖಂಡಿತ ಆಡಿ. ವಾರದ ಒಂದು ಸಂಜೆಯನ್ನಾದರೂ ಅಲ್ಲಿನವರ ಆಟಕ್ಕೆ ಉಳಿಸಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.

ಹಂತ 4: ಫುಟ್‌ಬಾಲನ್ನು ಕೆಳಗಿನಿಂದ ಮೇಲಕ್ಕೆ ನೋಡಿ

ಎಲ್ಲರೂ ಮೊದಲು ಬಯಸುವುದು ಬುಂಡೆಸ್‌ಲಿಗಾ ಟಿಕೆಟ್ಟು. 1963ರಲ್ಲಿ ಶುರುವಾದ ಈ ಲೀಗ್‌ನಲ್ಲಿ 18 ತಂಡಗಳಿವೆ. ಶನಿವಾರ ಮಧ್ಯಾಹ್ನ ಮೂರೂವರೆ ಅದರ ಸಾಂಪ್ರದಾಯಿಕ ಹೊತ್ತು. ದೊಡ್ಡ ತಂಡಗಳ ಟಿಕೆಟ್ಟು ಮೊದಲು ಸದಸ್ಯರಿಗೆ, ಉಳಿದರೆ ಹೊರಗಿನವರಿಗೆ. ಅದಕ್ಕೇ ನಾನು ಉಲ್ಟಾ ದಾರಿ ಹೇಳುತ್ತೇನೆ.

ಒಂದು ಭಾನುವಾರ ಮಧ್ಯಾಹ್ನ ನಿಮ್ಮ ಬಡಾವಣೆಯ ಕ್ರೈಸ್‌ಲಿಗಾ ಪಂದ್ಯಕ್ಕೆ ಹೋಗಿ. ಇದು ಜಿಲ್ಲಾ ಮಟ್ಟದ ತಳದ ಲೀಗು. ಪ್ರವೇಶ ಕೆಲವೇ ಯೂರೊ, ಎಷ್ಟೋ ಕಡೆ ಅದೂ ಇಲ್ಲ. ಕಬ್ಬಿಣದ ಕಂಬಿಗೆ ಮೊಣಕೈ ಊರಿ ನಿಂತ ಹಿರಿಯರು, ಇಡ್ಲಿ ಪಾತ್ರೆಯಷ್ಟು ಹಬೆ ಏಳುವ ಕಾಫಿ ಫ್ಲಾಸ್ಕು, ಮನೆಯಿಂದ ಮಾಡಿ ತಂದ ಕೇಕು, ಆಟಗಾರರಲ್ಲಿ ಒಬ್ಬ ನಿಮ್ಮ ಬ್ಯಾಂಕಿನ ಗುಮಾಸ್ತ. ‘ಅದು ಆಫ್‌ಸೈಡ್ ಆಗಿತ್ತಲ್ವಾ?’ ಎಂದು ಪಕ್ಕದವರನ್ನು ಕೇಳಿದರೆ ಸಾಕು, ದ್ವಿತೀಯಾರ್ಧ ಪೂರ್ತಿ ಮಾತಿಗೆ ವಿಷಯ ಸಿಕ್ಕಿತು. ನಂತರ ಮೂರನೇ, ಎರಡನೇ ಲೀಗಿನ ಪಂದ್ಯ ನೋಡಿ, ಅಲ್ಲಿ ಟಿಕೆಟ್ಟು ಸಿಗುವುದು ಅಷ್ಟು ಕಷ್ಟವಲ್ಲ.

ದೊಡ್ಡ ಮೈದಾನಕ್ಕೆ ಹೋದಾಗ ಆಸನದ ಬದಲು ನಿಂತು ನೋಡುವ ಜಾಗ ಕೊಳ್ಳಿ. ಅಗ್ಗವೂ ಹೌದು, ಗದ್ದಲ ಇರುವುದೂ ಅಲ್ಲೇ. ಡಾರ್ಟ್‌ಮುಂಡ್‌ನ ದಕ್ಷಿಣ ಗ್ಯಾಲರಿಯೊಂದರಲ್ಲೇ ಸುಮಾರು 25 ಸಾವಿರ ಜನ ನಿಂತು ನೋಡುತ್ತಾರೆ. ಎದುರು ತಂಡದ ಬಣ್ಣದ ಬಟ್ಟೆ ಹಾಕಿ ಅಲ್ಲಿಗೆ ಹೋಗಬೇಡಿ. ಅಲ್ಟ್ರಾಗಳು, ಅಂದರೆ ಕಟ್ಟಾ ಅಭಿಮಾನಿಗಳ ಗುಂಪಿನವರು ನಿಲ್ಲುವ ನಟ್ಟನಡುವಿನ ಜಾಗ ಅವರಿಗೇ ಬಿಟ್ಟು ಅಂಚಿನಲ್ಲಿ ನಿಲ್ಲಿ, ಅವರತ್ತ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾ ಇರಬೇಡಿ. ಪಂದ್ಯದ ಟಿಕೆಟ್ಟಿನಲ್ಲೇ ಸ್ಥಳೀಯ ಬಸ್ಸು ರೈಲಿನ ಪ್ರಯಾಣ ಸೇರಿದೆಯೇ ಎಂದು ಹಿಂಬದಿ ಓದಿ, ಹಲವು ಕ್ಲಬ್ಬುಗಳಲ್ಲಿ ಸೇರಿರುತ್ತದೆ. ಯಾರಾದರೂ ಬಣ್ಣದ ಮೇಲೋ ದೇಶದ ಮೇಲೋ ಮಾತಾಡಿದರೆ ಸಹಿಸಿಕೊಂಡು ನಿಲ್ಲಬೇಕಿಲ್ಲ. ಜಾಕೆಟ್ ತೊಟ್ಟ ಓರ್ಡ್ನರ್‌ಗೆ, ಅಂದರೆ ಮೈದಾನದ ಮೇಲ್ವಿಚಾರಕರಿಗೆ ಕೂಡಲೇ ಹೇಳಿ.

ಜರ್ಮನ್ ಫುಟ್‌ಬಾಲಿನಲ್ಲಿ ಅಭಿಮಾನಿ ಬರೀ ಗಿರಾಕಿಯಾಗಿ ಉಳಿಯದಿರುವುದಕ್ಕೆ ಒಂದು ನಿಯಮವೂ ಕಾರಣ. 1998ರ ‘50+1’ ನಿಯಮದ ಪ್ರಕಾರ, ಕೆಲವು ಅಪವಾದ ಬಿಟ್ಟರೆ, ಕ್ಲಬ್ಬಿನ ಮತಾಧಿಕಾರದ ಬಹುಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಬರ್ಲಿನ್ನಿನ ಯೂನಿಯನ್ ಕ್ಲಬ್ ಇದರ ತುದಿಯ ಉದಾಹರಣೆ. 2008ರಲ್ಲಿ ಅವರ ಹಳೆಯ ಮೈದಾನ ದುರಸ್ತಿಗೆ ಬಂದಾಗ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸಂಬಳವಿಲ್ಲದೆ ಗಾರೆ ಕಲಸಿ ಕಟ್ಟಿದರು. 2003ರ ಡಿಸೆಂಬರ್ 23ರಂದು ಅದೇ ಮೈದಾನದಲ್ಲಿ 89 ಅಭಿಮಾನಿಗಳು ಸೇರಿ ಕ್ರಿಸ್‌ಮಸ್ ಹಾಡು ಹೇಳಿದ್ದರು. ಈಗ ಪ್ರತಿವರ್ಷ ಅದಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮೇಣದಬತ್ತಿ ಹಿಡಿದು ಬರುತ್ತಾರೆ. ಬರ್ಲಿನ್ನಿನಲ್ಲಿ ಓದುವವರು ಡಿಸೆಂಬರಿನಲ್ಲಿ ಊರಿಗೆ ಹೊರಡುವ ವಿಮಾನ ಎರಡು ದಿನ ಮುಂದಕ್ಕೆ ಹಾಕಿದರೂ ನಷ್ಟವಿಲ್ಲ.

ಫುಟ್‌ಬಾಲ್ ಬೇಸರವಾದವರಿಗೆ ಹ್ಯಾಂಡ್‌ಬಾಲ್ ಇದೆ. ಕೀಲ್, ಫ್ಲೆನ್ಸ್‌ಬುರ್ಗ್‌ನಂಥ ಉತ್ತರದ ಊರುಗಳಲ್ಲಿ ಅದೇ ಮೊದಲ ಆಟ. ಒಳಾಂಗಣದ ಶಬ್ದಕ್ಕೆ ಕಿವಿ ಗುಂಯ್‌ಗುಡುತ್ತದೆ.

ಹಂತ 5: ಹಬ್ಬಗಳ ಪಂಚಾಂಗ ಬರೆದಿಟ್ಟುಕೊಳ್ಳಿ

ನವೆಂಬರ್ 11ರಿಂದ ಶುರುಮಾಡೋಣ. ಒಂದೇ ದಿನ ಎರಡು ಹಬ್ಬ. ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ ಕೊಲೋನ್, ಡ್ಯೂಸೆಲ್‌ಡಾರ್ಫ್, ಮೈಂಟ್ಸ್‌ನಲ್ಲಿ ಕಾರ್ನೆವಾಲ್ ಎಂಬ ವೇಷ, ಮೆರವಣಿಗೆಗಳ ಹಬ್ಬದ ಋತುವಿನ ಆರಂಭ. ಸಂಜೆ ಸಂತ ಮಾರ್ಟಿನ್ ಮೆರವಣಿಗೆ: ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರ ಹಿಡಿದು ಹಾಡುತ್ತಾ ಹೋಗುತ್ತಾರೆ, ಮುಂದೆ ಕುದುರೆ ಮೇಲೆ ಕೆಂಪು ಮೇಲಂಗಿಯ ಮಾರ್ಟಿನ್. ಪುಟ್ಟ ಊರಿನಲ್ಲಿ ನೋಡಿದರೆ ಚೆಂದ.

ಡಿಸೆಂಬರಿನ ಕ್ರಿಸ್‌ಮಸ್ ಮಾರುಕಟ್ಟೆಗಳು ಅಡ್ವೆಂಟ್ ಹೊತ್ತಿಗೆ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರಗಳ ಹೊತ್ತಿಗೆ ತೆರೆದು, ಹೆಚ್ಚಿನವು 24ರೊಳಗೆ ಮುಚ್ಚುತ್ತವೆ. 25ಕ್ಕೆ ಹೋಗೋಣ ಎಂದುಕೊಂಡವರಿಗೆ ಸಿಗುವುದು ಖಾಲಿ ಚೌಕ. ಡ್ರೆಸ್ಡೆನ್‌ನ ಷ್ಟ್ರೀಟ್ಸೆಲ್‌ಮಾರ್ಕ್ಟ್ 1434ರಿಂದ ಇದೆ. ನ್ಯೂರೆಂಬರ್ಗ್‌ನದು ಜನಪ್ರಿಯ, ಅಷ್ಟೇ ನೂಕುನುಗ್ಗಲು. ವಾರದ ದಿನ ಸಂಜೆ ನಾಲ್ಕಕ್ಕೆ, ಕತ್ತಲಾಗುವ ಹೊತ್ತಿಗೆ ಹೋಗಿ. ಬಿಸಿ ಮಸಾಲೆ ವೈನ್ ಬೇಡದವರು ‘ಕಿಂಡರ್‌ಪುನ್ಶ್’ ಕೇಳಿ, ಅದರಲ್ಲಿ ಮದ್ಯ ಇರುವುದಿಲ್ಲ. ಕಪ್ಪಿಗೆ ಕೊಟ್ಟ ಠೇವಣಿ ಬಿಟ್ಟುಕೊಟ್ಟರೆ ಕಪ್ಪು ನಿಮ್ಮದೇ. ಪ್ರತಿ ಊರಿನ ಕಪ್ಪಿನ ಮೇಲೂ ಬೇರೆ ಚಿತ್ರ, ಅಡುಗೆಮನೆ ತುಂಬಿಸಿಕೊಂಡವರನ್ನು ನೋಡಿದ್ದೇನೆ. ಡಿಸೆಂಬರ್ 24ರ ಸಂಜೆ ಮನೆಯವರದು. ಅಂದು ಯಾರಾದರೂ ನಿಮ್ಮನ್ನು ಮನೆಗೆ ಕರೆದರೆ ದೊಡ್ಡ ಮಾತು, ಇಲ್ಲ ಎನ್ನಬೇಡಿ.

ವರ್ಷದ ಕೊನೆಯ ರಾತ್ರಿ ಸಾಮಾನ್ಯವಾಗಿ ಶಾಂತವಾಗಿರುವ ಈ ದೇಶ ಪಟಾಕಿಯಲ್ಲಿ ಮುಳುಗುತ್ತದೆ. ಮಾರಾಟ ವರ್ಷದ ಕೊನೆಯ ಮೂರು ಕೆಲಸದ ದಿನ ಮಾತ್ರ. ನಗರದ ನಡುವಿಗೆ ಹೋಗಬೇಕಾದರೆ ಜಾಗ ನೋಡಿ ನಿಲ್ಲಿ, ಕುಡಿದು ರಾಕೆಟ್ ಅಡ್ಡಡ್ಡ ಬಿಡುವವರು ಇರುತ್ತಾರೆ. ಮನೆಗಳಲ್ಲಿ ಮೇಜಿನ ನಡುವೆ ರಾಕ್ಲೆಟ್ ಒಲೆ ಇಟ್ಟು ಚೀಸ್ ಕರಗಿಸಿಕೊಂಡು ಮಧ್ಯರಾತ್ರಿವರೆಗೆ ತಿನ್ನುತ್ತಾರೆ. ತರಕಾರಿ, ಆಲೂಗಡ್ಡೆ ಇರುವುದರಿಂದ ಸಸ್ಯಾಹಾರಿಗಳಿಗೆ ಜರ್ಮನಿಯ ಅತ್ಯುತ್ತಮ ರಾತ್ರಿ ಇದೇ ಇರಬೇಕು.

ಫೆಬ್ರವರಿಯ ಸುಮಾರಿಗೆ ಕಾರ್ನೆವಾಲ್‌ನ ಬೀದಿ ದಿನಗಳು. ದುರದೃಷ್ಟಕ್ಕೆ ಪರೀಕ್ಷೆಗಳೂ ಅದೇ ಹೊತ್ತಿಗೆ. ಅಕ್ಟೋಬರಿನಲ್ಲೇ ರೋಜೆನ್‌ಮೋಂಟಾಗ್ ಎಂಬ ಸೋಮವಾರ ಯಾವಾಗ ಬರುತ್ತದೆಂದು ನೋಡಿ ಓದಿನ ಯೋಜನೆ ಹಾಕಿಕೊಳ್ಳಿ. ಈಸ್ಟರ್‌ಗೆ ತಕ್ಕಂತೆ ಅದು ಪ್ರತಿವರ್ಷ ಸರಿಯುತ್ತದೆ. 1823ರಿಂದ ಸಂಘಟಿತವಾಗಿ ನಡೆಯುತ್ತಿರುವ ಕೊಲೋನ್ ಮೆರವಣಿಗೆಗೆ ವೇಷವಿಲ್ಲದೆ ಹೋದರೆ ನೀವೇ ವಿಚಿತ್ರವಾಗಿ ಕಾಣುತ್ತೀರಿ. ಹಳೆ ಪಂಚೆ ಶಾಲು ಸುತ್ತಿಕೊಂಡು ಹೋಗಬಹುದಲ್ಲ ಎನಿಸೀತು, ಆದರೆ ಚಳಿಗೆ ಒಳಗೆ ಮೂರು ಪದರ ಬೇಕು. ರಥಗಳ ಮೇಲಿಂದ ಮಿಠಾಯಿ ಎಸೆಯುತ್ತಾರೆ. ‘ಕಾಮೆಲ್ಲೆ!’ ಎಂದು ಕೂಗಿ, ಕೊಡೆಯನ್ನು ತಲೆಕೆಳಗಾಗಿ ಹಿಡಿಯಿರಿ, ಚೀಲ ತುಂಬುತ್ತದೆ. ಹಬ್ಬದ ಜಯಕಾರ ಕೊಲೋನ್‌ನಲ್ಲಿ ‘ಆಲಾಫ್’, ಡ್ಯೂಸೆಲ್‌ಡಾರ್ಫ್‌ನಲ್ಲಿ ‘ಹೆಲಾವ್’. ಅದಲುಬದಲಾದರೆ ತಮಾಷೆಯ ಬೈಗುಳ ಗ್ಯಾರಂಟಿ.

ಅದಕ್ಕೆ ಮುಂಚಿನ ಗುರುವಾರ ಹೆಂಗಸರ ದಿನ, ಗಂಡಸರ ಟೈ ಕತ್ತರಿಸುತ್ತಾರೆ. ಒಳ್ಳೆಯ ಟೈ ಕಟ್ಟಿಕೊಂಡು ಹೋಗಬೇಡಿ. ಕೆನ್ನೆಗೆ ಮುತ್ತು ಕೊಡುವ ರೂಢಿಯೂ ಇದೆ, ಆದರೆ ಹಬ್ಬವೆಂದ ಮಾತ್ರಕ್ಕೆ ಯಾರನ್ನೂ ಮುಟ್ಟುವ ಪರವಾನಗಿ ಸಿಗುವುದಿಲ್ಲ, ನಿಮ್ಮನ್ನು ಮುಟ್ಟಲೂ ಯಾರಿಗೂ ಇಲ್ಲ. ಮಂಗಳವಾರ ರಾತ್ರಿ ಪಬ್ಬುಗಳ ಮುಂದೆ ‘ನುಬ್ಬೆಲ್’ ಎಂಬ ಹುಲ್ಲಿನ ಬೊಂಬೆಯನ್ನು ಸುಡುತ್ತಾರೆ. ಹಬ್ಬದಲ್ಲಿ ಕುಡಿದದ್ದು, ದುಡ್ಡು ಕಳೆದದ್ದು ಎಲ್ಲಕ್ಕೂ ಅವನೇ ಹೊಣೆ. ಸೋಮವಾರದ ದೊಡ್ಡ ಮೆರವಣಿಗೆಗಿಂತ ನನಗೆ ಗಲ್ಲಿಯ ಈ ದಹನವೇ ಹೆಚ್ಚು ಇಷ್ಟ. ಟಿವಿ ಕ್ಯಾಮೆರಾ ಇರುವುದಿಲ್ಲ, ಜನ ಮನಸಾರೆ ಗೋಳಾಡುತ್ತಾರೆ. ನೈಋತ್ಯದ ಕಡೆ ಓದುವವರು ಕೊಲೋನ್‌ವರೆಗೆ ಹೋಗಬೇಕಿಲ್ಲ. ರೋಟ್‌ವೈಲ್‌ನಂಥ ಊರಿನಲ್ಲಿ ಮರದ ಮುಖವಾಡ, ಗಂಟೆ ಕಟ್ಟಿದ ವೇಷಗಳ ಮೆರವಣಿಗೆ ನಡೆಯುತ್ತದೆ, ಅದರ ಗತ್ತೇ ಬೇರೆ.

ಗುಡ್ ಫ್ರೈಡೇ ದಿನ ಹಲವು ರಾಜ್ಯಗಳಲ್ಲಿ ಸಾರ್ವಜನಿಕ ನೃತ್ಯಕ್ಕೆ ಕಾನೂನಿನ ನಿಷೇಧವಿದೆ. ಅಂಗಡಿಗಳೂ ಬಂದ್, ಹಾಲು ಬ್ರೆಡ್ಡು ಗುರುವಾರವೇ ತಂದಿಡಿ. ಶನಿವಾರ ರಾತ್ರಿ ಹಳ್ಳಿಗಳಲ್ಲಿ ಈಸ್ಟರ್ ಬೆಂಕಿ.

ಏಪ್ರಿಲ್ 30ರ ರಾತ್ರಿ ಮೇ ತಿಂಗಳನ್ನು ಕುಣಿದು ಬರಮಾಡಿಕೊಳ್ಳುತ್ತಾರೆ. ಬವೇರಿಯಾದಲ್ಲಿ ಊರ ನಡುವೆ ನೆಡುವ ಮೇ ಕಂಬವನ್ನು ನೆಡುವ ಮುಂಚೆ ಪಕ್ಕದ ಊರಿನವರು ಕದಿಯುವ ಸಂಪ್ರದಾಯವಿದೆ. ಬಿಡಿಸಿಕೊಳ್ಳಲು ಬಿಯರ್ ಮತ್ತು ಊಟ ಕೊಡಬೇಕು, ಪೊಲೀಸರನ್ನು ಕರೆಯುವಂತಿಲ್ಲ. ರೈನ್ ಸೀಮೆಯಲ್ಲಿ ಹುಡುಗರು ಮೆಚ್ಚಿದವಳ ಮನೆ ಮುಂದೆ ಬಣ್ಣದ ಕಾಗದ ಕಟ್ಟಿದ ಬರ್ಚ್ ಮರ ನಿಲ್ಲಿಸುತ್ತಾರೆ, ಅಧಿಕ ವರ್ಷದಲ್ಲಿ ಆ ಸರದಿ ಹುಡುಗಿಯರದು.

ಬೇಸಿಗೆಯಲ್ಲಿ ಆರಿಸಿಕೊಳ್ಳುವುದೇ ಕಷ್ಟ. ಜೂನ್ 21ರ ಬೀದಿ ಸಂಗೀತ, 1882ರಿಂದ ನಡೆಯುತ್ತಿರುವ ಕೀಲ್ ಊರಿನ ಹಾಯಿದೋಣಿ ವಾರ, ಪ್ರತಿ ಬಡಾವಣೆಯ ಬೀದಿ ಹಬ್ಬ.

ಕೊನೆಗೆ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್, 1810ರ ರಾಜಮನೆತನದ ಮದುವೆಯಿಂದ ಬಂದದ್ದು. ಹೆಸರು ನಂಬಿ ಅಕ್ಟೋಬರ್ ಮಧ್ಯಕ್ಕೆ ಹೋದರೆ ಮುಗಿದುಹೋಗಿರುತ್ತದೆ, ಸೆಪ್ಟೆಂಬರ್ 15ರ ನಂತರದ ಶನಿವಾರ ಶುರುವಾಗುವುದು. ಮೈದಾನಕ್ಕೂ ದೊಡ್ಡ ಡೇರೆಗಳಿಗೂ ಪ್ರವೇಶ ಉಚಿತ, ದುಬಾರಿ ಇರುವುದು ಒಳಗಿನ ಬಿಯರು. ಬೆನ್ನಚೀಲ ಒಯ್ಯಬೇಡಿ, 3 ಲೀಟರಿಗಿಂತ ದೊಡ್ಡ ಚೀಲ ಬಿಡುವುದಿಲ್ಲ. ವಾರದ ದಿನ ಮಧ್ಯಾಹ್ನ ಹೋದರೆ ಕಾಯ್ದಿರಿಸದೆ ಮೇಜು ಸಿಗುವ ಸಾಧ್ಯತೆ ಹೆಚ್ಚು. ಮಂಗಳವಾರ ಕುಟುಂಬದ ದಿನ, ತೊಟ್ಟಿಲು ರಾಟೆಗಳ ದರ ಇಳಿದಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಒಮ್ಮೆ ನೋಡಿದರೆ ಸಾಕು. ನಿಮ್ಮ ಜಿಲ್ಲೆಯ ವೈನ್ ಹಬ್ಬವೋ ಬಂದೂಕು ಗುರಿಗಾರರ ಸಂಘದ ಜಾತ್ರೆಯೋ ಹೆಚ್ಚು ಆಪ್ತ, ಅಲ್ಲಿ ನಿಮ್ಮ ಸಂಘದವರೂ ಸಿಗುತ್ತಾರೆ.

ಹಂತ 6: ರಂಗಮಂದಿರ, ಸಂಗೀತ, ಸಿನಿಮಾ

ಲೈಪ್‌ಜಿಗ್ ಹತ್ತಿರ ಇರುವವರು ಸಂತ ಥಾಮಸ್ ಚರ್ಚಿಗೆ ಶುಕ್ರವಾರ ಸಂಜೆ ಅಥವಾ ಶನಿವಾರ ಮಧ್ಯಾಹ್ನ ಹೋಗಿ. 1212ರಲ್ಲಿ ಶುರುವಾದ ಹುಡುಗರ ಗಾಯನವೃಂದ ಅಲ್ಲಿ ಹಾಡುತ್ತದೆ. ಹೆಸರಾಂತ ಸಂಗೀತ ರಚನೆಕಾರ ಬಾಖ್ 1723ರಿಂದ ತೀರಿಕೊಳ್ಳುವವರೆಗೆ, ಅಂದರೆ 1750ರವರೆಗೆ ಕೆಲಸ ಮಾಡಿದ ಜಾಗ. ಬಾಗಿಲಲ್ಲಿ ಕಾರ್ಯಕ್ರಮದ ಪತ್ರಿಕೆ ಕೊಂಡರೆ ಅದೇ ಟಿಕೆಟ್ಟು. ಬರ್ಲಿನ್ ಫಿಲ್‌ಹಾರ್ಮನಿಯಲ್ಲಿ ಋತುವಿನ ದಿನಗಳಲ್ಲಿ ಬುಧವಾರ ಮಧ್ಯಾಹ್ನ ಉಚಿತ ಕಚೇರಿ ಇರುತ್ತದೆ, ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ. ಕೃತಿಯ ಭಾಗಗಳ ನಡುವೆ ಚಪ್ಪಾಳೆ ಹೊಡೆಯುವುದಿಲ್ಲ. ಅನುಮಾನ ಬಂದರೆ ಪಕ್ಕದವರು ಹೊಡೆಯುವವರೆಗೆ ಸುಮ್ಮನಿರಿ. ರಂಗಮಂದಿರಗಳಲ್ಲಿ ಆಟ ಶುರುವಾಗುವ ಸ್ವಲ್ಪ ಮುಂಚೆ ಉಳಿದ ಸೀಟು ವಿದ್ಯಾರ್ಥಿಗಳಿಗೆ ಅಗ್ಗಕ್ಕೆ ಸಿಗುವುದುಂಟು. ಕೋಟು ಚೀಲ ಒಳಗೆ ಬಿಡುವುದಿಲ್ಲ, ಅವಕ್ಕೆಂದೇ ಬೇರೆ ಕೊಠಡಿ ಇರುತ್ತದೆ. ಹಾಡಲು ಬರುವವರಿಗೆ ವಿಶ್ವವಿದ್ಯಾಲಯದ ಗಾಯನವೃಂದದ ಬಾಗಿಲು ಸೆಮಿಸ್ಟರ್ ಶುರುವಿನಲ್ಲಿ ತೆರೆದಿರುತ್ತದೆ. ಸಂಗೀತ ಲಿಪಿ ಓದಲು ಬಾರದಿದ್ದರೂ ಕೆಲವೆಡೆ ಸೇರಿಸಿಕೊಳ್ಳುತ್ತಾರೆ.

ಮ್ಯೂಸಿಯಂಗಳ ದೀರ್ಘ ರಾತ್ರಿ 1997ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ಈಗ ಹಲವು ಊರುಗಳಲ್ಲಿದೆ. ಒಂದೇ ಟಿಕೆಟ್ಟಿಗೆ ಮಧ್ಯರಾತ್ರಿ ದಾಟುವವರೆಗೆ ಎಷ್ಟು ಬೇಕಾದರೂ ಸುತ್ತಬಹುದು.

ಸಿನಿಮಾಕ್ಕೆ ಹೋಗುವಾಗ ‘ಓಎಂಯು’ ಎಂದಿದೆಯೇ ನೋಡಿ, ಅಂದರೆ ಮೂಲ ಭಾಷೆ, ಜರ್ಮನ್ ಅಡಿಬರಹ. ಇಲ್ಲದಿದ್ದರೆ ಹಾಲಿವುಡ್ ನಟರೆಲ್ಲ ಜರ್ಮನ್ ಮಾತಾಡುತ್ತಾರೆ. ಭಾನುವಾರ ರಾತ್ರಿ 8.15ಕ್ಕೆ ಸಾರ್ವಜನಿಕ ಪ್ರಸಾರ ಸಂಸ್ಥೆಯ ಟಿವಿಯಲ್ಲಿ 1970ರಿಂದ ಬರುತ್ತಿರುವ ಪತ್ತೇದಾರಿ ಸರಣಿಯೊಂದಿದೆ. ಕೆಲವು ಪಬ್ಬುಗಳಲ್ಲಿ ಜನ ಒಟ್ಟಿಗೆ ಕೂತು ನೋಡಿ, ಕೊಲೆಗಾರ ಯಾರೆಂದು ಪಂದ್ಯ ಕಟ್ಟುತ್ತಾರೆ. ಹೇಗೂ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟಲೇಬೇಕು, ಟಿವಿ ಇರಲಿ ಬಿಡಲಿ. ಹಂಚಿಕೊಂಡ ಮನೆಯಲ್ಲಿದ್ದರೆ ಶುಲ್ಕ ಮನೆಗೆ ಒಂದೇ, ಭಾಗ ಮಾಡಿಕೊಳ್ಳಿ.

ಹಂತ 7: ಮನೆಗೆ ಕರೆದಾಗ

ಹುಟ್ಟುಹಬ್ಬದ ಶುಭಾಶಯ ಒಂದು ದಿನ ಮುಂಚೆ ಹೇಳಲೇಬಾರದು, ಅಪಶಕುನ ಎನ್ನುತ್ತಾರೆ. ನಿಮ್ಮ ಹುಟ್ಟುಹಬ್ಬಕ್ಕೆ ಪ್ರಯೋಗಾಲಯಕ್ಕೆ ಕೇಕು ತರಬೇಕಾದವರು ನೀವೇ. ಪಾರ್ಟಿಗೆ ಕರೆದರೆ ‘ಏನು ತರಲಿ?’ ಎಂದು ಕೇಳಿ, ಸಲಾಡ್ ತಾ ಎಂದರೆ ನಿಜವಾಗಿ ತರಬೇಕು. ಚಿತ್ರಾನ್ನದ ಡಬ್ಬಿ ಒಯ್ದರೆ ಯಾರೂ ಬೇಡ ಎನ್ನುವುದಿಲ್ಲ. ಹುರಿಗಡಲೆ ಬೇಳೆ ಕಡಲೆಬೀಜ ಇದೆ ಎಂದು ಮೊದಲೇ ತಿಳಿಸಿ, ಅಲರ್ಜಿಯವರು ಇರುತ್ತಾರೆ. ಬೆಂಕಿಯ ಮೇಲೆ ಗ್ರಿಲ್ ಮಾಡುವ ಸಂಜೆಗೆ ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ತರುವುದು ರೂಢಿ, ಆದ್ದರಿಂದ ಪನೀರು, ಜೋಳ, ದೊಣ್ಣೆಮೆಣಸಿನಕಾಯಿ ಒಯ್ಯಿರಿ. ಮಾಂಸ ಬೇಯುವ ಜಾಲರಿ ಮುಟ್ಟಬಾರದೆಂದಿದ್ದರೆ ಅಲ್ಯುಮಿನಿಯಂ ತಟ್ಟೆ ಕೇಳಿ, ಈಗೀಗ ಸಸ್ಯಾಹಾರಿ ಜರ್ಮನ್ನರೂ ಅದನ್ನೇ ಕೇಳುತ್ತಾರೆ.

ಕುಡಿಯದಿರುವುದಕ್ಕೆ ಕಾರಣ ಹೇಳುವ ಅಗತ್ಯವಿಲ್ಲ. ‘ಅಪ್ಫೆಲ್‌ಷೋರ್ಲೆ’ ಅಂದರೆ ಸೋಡಾ ಬೆರೆಸಿದ ಸೇಬಿನ ರಸ ಎಲ್ಲ ಕಡೆ ಸಿಗುತ್ತದೆ. ಗ್ಲಾಸು ತಾಗಿಸುವಾಗ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಗ್ಲಾಸಿನಲ್ಲಿ ಏನಿದ್ದರೂ ಸರಿ. ನಿಮ್ಮ ಮನೆಯಲ್ಲೇ ಪಾರ್ಟಿ ಇದ್ದರೆ ಎರಡು ದಿನ ಮುಂಚೆ ಮೆಟ್ಟಿಲ ಹತ್ತಿರ ಚೀಟಿ ಅಂಟಿಸಿ. ರಾತ್ರಿ ಹತ್ತರ ನಂತರ ಸದ್ದು ಇಳಿಸದಿದ್ದರೆ ಪೊಲೀಸರು ಬರಬಹುದು.

ಓದು ಮುಗಿದು ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಡುವಾಗ ಸಂಘಕ್ಕೆ ರದ್ದತಿ ಪತ್ರ ಬರೆಯಲು ಮರೆಯಬೇಡಿ, ಇಲ್ಲವಾದರೆ ಶುಲ್ಕ ಖಾತೆಯಿಂದ ಕಡಿತವಾಗುತ್ತಲೇ ಇರುತ್ತದೆ. ಹಲವು ಸಂಘಗಳಲ್ಲಿ ‘ಪಾಸಿವ್’ ಸದಸ್ಯತ್ವ ಎಂಬುದೂ ಇರುತ್ತದೆ: ಆಟವಿಲ್ಲ, ಶುಲ್ಕ ಅತ್ಯಲ್ಪ, ಬೇಸಿಗೆ ಹಬ್ಬದ ಆಮಂತ್ರಣ ಮಾತ್ರ ಪ್ರತಿವರ್ಷ ಬರುತ್ತದೆ. ಯಾವುದು ಬೇಕೆಂದು ಅರ್ಜಿಯಲ್ಲೇ ಗುರುತು ಹಾಕಿ ಖಜಾಂಚಿಗೆ ಕೊಡಿ.